ಪದ ಪರಿಚಯ: ವರ್ಲ್ಡ್ ಮ್ಯೂಸಿಕ್

1987ರ ಜೂನ್ 29ರಂದು ಲಂಡನ್ನಿನ ‘ಎಂಪ್ರೆಸ್ ಆಫ್ ರಷ್ಯಾ’ ಎಂಬ ಪಬ್‌ನಲ್ಲಿ ಕೆಲವು ಸಣ್ಣ ರೆಕಾರ್ಡ್ ಕಂಪನಿಗಳವರು ಸೇರಿದ್ದರು. ಅವರ ಮುಂದಿದ್ದದ್ದು ಅಪ್ಪಟ ಅಂಗಡಿ ವ್ಯವಹಾರದ ತೊಂದರೆ. ಆಫ್ರಿಕ, ಏಷ್ಯ, ಪೂರ್ವ ಯುರೋಪಿನ ಹಾಡುಗಾರರ ಎಲ್‌ಪಿಗಳು ಬರುತ್ತಿದ್ದವು, ಕೇಳಿಕೊಂಡು ಬರುವ ಗಿರಾಕಿಗಳೂ ಇದ್ದರು, ಆದರೆ ಅವನ್ನು ಯಾವ ಸಾಲಿನಲ್ಲಿ ಜೋಡಿಸಬೇಕು ಎಂಬುದು ಅಂಗಡಿಯವರಿಗೆ ಗೊತ್ತಾಗುತ್ತಿರಲಿಲ್ಲ. ರಾಕ್, ಜಾಜ್, ರೆಗ್ಗೇ ಯಾವ ಸಾಲಿನಲ್ಲಿಟ್ಟರೂ ಹೊಂದುತ್ತಿರಲಿಲ್ಲ. ‘ಟ್ರಾಪಿಕಲ್’, ‘ಎತ್ನಿಕ್’, ‘ರೂಟ್ಸ್’ ಎಂಬ ಹೆಸರುಗಳು ಬಂದು ಬಿದ್ದುಹೋಗಿ ಕೊನೆಗೆ ‘ವರ್ಲ್ಡ್ ಮ್ಯೂಸಿಕ್’ ಉಳಿಯಿತು. 11 ಕಂಪನಿಗಳು ಸೇರಿ 3,500 ಪೌಂಡ್ ಒಟ್ಟುಮಾಡಿ ಈ ಹೆಸರಿಗೆ ಪ್ರಚಾರ ಕೊಟ್ಟವು.

ಪದ ಅದಕ್ಕೂ ಹಳೆಯದು. ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ 1960ರ ದಶಕದ ಆರಂಭದಲ್ಲಿ ರಾಬರ್ಟ್ ಬ್ರೌನ್ ತಮ್ಮ ಪಾಠಕ್ರಮಕ್ಕೆ ಈ ಹೆಸರಿಟ್ಟಿದ್ದರು. ಅವರು ಮೃದಂಗದ ಮೇಲೆ ಸಂಶೋಧನೆ ಮಾಡಿದವರು. ಅವರ ಮನಸ್ಸಿನಲ್ಲಿದ್ದದ್ದು, ವಿದ್ಯಾರ್ಥಿ ಒಂದು ನಾಡಿನ ಸಂಗೀತವನ್ನು ಆ ನಾಡಿನ ವಿದ್ವಾಂಸರ ಮುಂದೆ ಕೂತು ಕಲಿಯುವುದು. ಲಂಡನ್ನಿನಲ್ಲಿ ಅದೇ ಪದ ರೆಕಾರ್ಡ್ ಜೋಡಿಸುವ ಗೂಡಿನ ಹೆಸರಾಯಿತು. ಗ್ರ್ಯಾಮಿಯವರು 1992ರಿಂದ ಈ ಹೆಸರಿನಲ್ಲಿ ಪ್ರಶಸ್ತಿ ಕೊಟ್ಟು, 2020ರಲ್ಲಿ ವಸಾಹತುಶಾಹಿಯ ವಾಸನೆ ಇದೆ ಎಂದು ‘ಗ್ಲೋಬಲ್’ ಎಂದು ಬದಲಿಸಿದರು. ಹೆಸರು ಬದಲಾದರೂ ಗೂಡು ಹಾಗೇ ಉಳಿಯಿತು.

ಆದ್ದರಿಂದ ಆಲ್ಬಮ್ ಹುಡುಕಲು ಹೊರಟವರು ಮೊದಲು ಬಿಡಬೇಕಾದದ್ದು ಇದೇ ಪದವನ್ನು. ಸ್ಟ್ರೀಮಿಂಗ್ ಆ್ಯಪ್‌ನಲ್ಲಿ ‘ವರ್ಲ್ಡ್ ಮ್ಯೂಸಿಕ್’ ಎಂದು ಹಾಕಿದರೆ ಸಿಗುವುದು ಹೆಚ್ಚಾಗಿ ಮಸಾಜ್ ಪಾರ್ಲರಿನ ಹಿನ್ನೆಲೆ ಸಂಗೀತ: ತಾಳವಿಲ್ಲದ ಕೊಳಲು, ಅದರಡಿ ಸಿಂಥಸೈಜರಿನ ಮಂಜು. ಬೇರೆ ಬೇರೆ ನಾಡಿನ ಸಂಗೀತಗಳ ನಿಜವಾದ ಬೆರಕೆ ನಡೆದ ಊರುಗಳಲ್ಲಿ ಅದಕ್ಕೆ ಅಲ್ಲಿಯದೇ ಹೆಸರಿದೆ. ಸೆನೆಗಲ್‌ನಲ್ಲಿ ಸಬಾರ್ ಡೋಲುಗಳ ಪೆಟ್ಟುಗಳ ಮೇಲೆ ಕ್ಯೂಬಾದ ನೃತ್ಯಸಂಗೀತ, ಗಿಟಾರು, ಕೀಬೋರ್ಡ್ ಕೂತದ್ದು ಎಂಬಾಲಾಕ್ಸ್. ಯೂಸು ಎನ್ಡೂರ್ ಅದನ್ನು ಹೊರಜಗತ್ತಿಗೆ ತಲುಪಿಸಿದರು. ಅಲ್ಜೀರಿಯದ ಓರಾನ್ ಕಡೆಯದು ರಾಯ್. ಟರ್ಕಿಯ ಜನಪದ ಹಾಡುಗಳನ್ನು ಎಲೆಕ್ಟ್ರಿಕ್ ಗಿಟಾರಿಗೆ, ಅಲ್ಲಿಯ ತಂತಿವಾದ್ಯ ಬಾಗ್ಲಮಾಕ್ಕೂ ಕರೆಂಟ್ ಕೊಟ್ಟು ನುಡಿಸಿದ್ದು ಅನಾತೋಲಿಯನ್ ರಾಕ್. ಇಥಿಯೋಪಿಯದ್ದು ಇಥಿಯೋ-ಜಾಜ್. ಹುಡುಕುವಾಗ ಈ ಹೆಸರಿನ ಜೊತೆಗೆ ದಶಕವನ್ನೂ ಹಾಕಿ. ‘ಅನಾತೋಲಿಯನ್ ರಾಕ್ 1970’ ಎಂದರೆ ಎರ್ಕಿನ್ ಕೋರಾಯ್, ಸೆಲ್ದಾ ಮೊದಲ ಪುಟದಲ್ಲೇ ಸಿಗುತ್ತಾರೆ.

ಇನ್ನು ಬೆರೆಸುವುದು ಎಂದರೇನು, ಎಲ್ಲಿ ಕೆಡುತ್ತದೆ? ಮುಖ್ಯ ವಿಷಯ ಇದು. ಕರ್ನಾಟಕ ಸಂಗೀತ ಕೇಳಿ ಬೆಳೆದ ಕಿವಿಗೆ ಬಹಳ ಬೇಗ ಹತ್ತುವಂಥದೂ ಹೌದು.

ಮೋಹನ ರಾಗವನ್ನೇ ತೆಗೆದುಕೊಳ್ಳಿ: ಸ ರಿ ಗ ಪ ದ. ತಂಬೂರಿ ಸ–ಪ ಹಿಡಿದು ಕೂತಿರುವವರೆಗೆ ಅದು ಮೋಹನ. ಈಗ ಪಕ್ಕದಲ್ಲಿ ಬೇಸ್ ಗಿಟಾರ್ ಬಂತು ಅನ್ನಿ. ಪಾಪ್ ಹಾಡಿನ ಅಭ್ಯಾಸದಂತೆ ನಾಲ್ಕು ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ಸುತ್ತು ಹಾಕುತ್ತಾ ಅದು ಷಡ್ಜ ಬಿಟ್ಟು ಧೈವತಕ್ಕೆ ಹೋಗಿ ನಿಲ್ಲುತ್ತದೆ. ಗಾಯಕಿ ಒಂದು ಸ್ವರವನ್ನೂ ಬದಲಿಸಿಲ್ಲ. ಆದರೆ ಕೆಳಗಿನ ಆಧಾರ ಸರಿದದ್ದರಿಂದ ಕಿವಿ ಧೈವತವನ್ನೇ ಷಡ್ಜವೆಂದು ಹಿಡಿಯುತ್ತದೆ, ಕೇಳಿಸುವುದು ಶುದ್ಧ ಧನ್ಯಾಸಿ. ಬೇಸ್ ರಿಷಭಕ್ಕೆ ಹೋದರೆ ಮಧ್ಯಮಾವತಿಯ ನೆರಳು, ಪಂಚಮಕ್ಕೆ ಹೋದರೆ ಶುದ್ಧ ಸಾವೇರಿಯದು. ಗ್ರಹಭೇದ ಎಂದು ಕರೆಯುವುದು ಇದನ್ನೇ. ಕಛೇರಿಯಲ್ಲಿ ವಿದ್ವಾಂಸರು ಬೇಕೆಂದೇ ಒಮ್ಮೆ ಆ ಕಡೆ ಹೊರಳಿ, ಮತ್ತೆ ಷಡ್ಜಕ್ಕೆ ಬಂದಾಗ ಸಭೆ ತಲೆದೂಗುತ್ತದೆ. ಕಾರ್ಡ್ ಹಾಕಿದ ಹಾಡಿನಲ್ಲಿ ಅದು ಕೆಲವೇ ಸೆಕೆಂಡಿಗೊಮ್ಮೆ, ಯಾರೂ ಬಯಸದೆ, ಆಗಿಹೋಗುತ್ತದೆ. ರಾಗದ ಹಾಡಿಗೆ ಕಾರ್ಡ್ ಹಾಕಿದಾಗ ಏನೋ ತೆಳ್ಳಗಾಯಿತು ಅನಿಸುವುದಕ್ಕೆ ಹೆಚ್ಚಿನ ಸಲ ಕಾರಣ ಇದೇ.

ಇದಕ್ಕೆ ಪರಿಹಾರ ಕಂಡುಕೊಂಡವರ ಆಲ್ಬಮ್‌ಗಳೇ ಕಾಲ ಕಳೆದರೂ ಉಳಿದಿವೆ. ‘ಶಕ್ತಿ’ ತಂಡದ ಮೊದಲ ಆಲ್ಬಮ್ (1976ರಲ್ಲಿ ಬಂದದ್ದು, 1975ರ ಜುಲೈನಲ್ಲಿ ಕಛೇರಿಯಲ್ಲೇ ಧ್ವನಿಮುದ್ರಿಸಿದ್ದು) ಕೇಳಿ. ಜಾನ್ ಮೆಕ್‌ಲಾಫ್ಲಿನ್, ಎಲ್. ಶಂಕರ್, ಜಾಕಿರ್ ಹುಸೇನ್, ವಿಕ್ಕು ವಿನಾಯಕರಾಮ್ ಇದ್ದಾರೆ, ಬೇಸ್ ಗಿಟಾರ್ ಇಲ್ಲ. ಗಿಟಾರ್ ವಾದಕ ಮೆಕ್‌ಲಾಫ್ಲಿನ್ ತಮ್ಮ ವಾದ್ಯವನ್ನೇ ಬದಲಿಸಿಕೊಂಡರು. ಗಿಟಾರಿನ ಮನೆಗಳ (ಫ್ರೆಟ್‌ಗಳ) ನಡುವಿನ ಮರವನ್ನು ಬಟ್ಟಲಿನಂತೆ ಕೆತ್ತಿಸಿದ್ದರಿಂದ ತಂತಿಯನ್ನು ವೀಣೆಯಂತೆ ಎಳೆದು ಗಮಕ ತರಲು ಸಾಧ್ಯವಾಯಿತು. ಅಡ್ಡಲಾಗಿ ಏಳು ತಂತಿ ಹೂಡಿಸಿ ಶ್ರುತಿಯನ್ನು ಗಿಟಾರಿನೊಳಗೇ ಇಟ್ಟುಕೊಂಡರು. ಯಾರು ಯಾರಿಗಾಗಿ ಬದಲಾದರು ಎಂದು ಕೇಳಿಕೊಂಡರೆ ಬೆರಕೆಯ ಗುಟ್ಟು ಅರ್ಧ ತಿಳಿಯುತ್ತದೆ.

ಇಥಿಯೋಪಿಯದ ಮುಲಾಟು ಅಸ್ತಾತ್ಕೆ ಹಿಡಿದದ್ದು ಬೇರೆ ದಾರಿ. ಲಂಡನ್ನಿನಲ್ಲೂ ಬಾಸ್ಟನ್ನಿನಲ್ಲೂ ಓದಿ ಬಂದ ಅವರು ಜಾಜ್‌ನ ಹನ್ನೆರಡು ಸ್ವರಗಳ ನಡುವೆ ತಮ್ಮ ನಾಡಿನ ಐದು ಸ್ವರಗಳ ಸರಣಿ ಕರಗಿಹೋಗದಂತೆ ನೋಡಿಕೊಂಡರು. ಅಲ್ಲಿಯ ನಾಲ್ಕು ಮುಖ್ಯ ಸರಣಿಗಳಲ್ಲಿ ಟಿಜಿತಾ ಒಂದು. ಅದರ ಒಂದು ರೂಪದ ಐದು ಸ್ವರಗಳು ಮೋಹನದವೇ. ಹಾಡು ಮಾತ್ರ ಮೋಹನದಂತೆ ಕೇಳಿಸದು, ಏಕೆಂದರೆ ಎಲ್ಲಿ ನಿಲ್ಲಬೇಕು, ಎಲ್ಲಿ ಅಲುಗಿಸಬೇಕು ಎಂಬ ನಡೆ ಬೇರೆ. ರಾಗವೆಂದರೆ ಬರೀ ಆರೋಹಣ–ಅವರೋಹಣ ಅಲ್ಲ ಎಂದು ಪಾಠದಲ್ಲಿ ಹೇಳುತ್ತಾರಲ್ಲ, ಅದನ್ನು ಇಲ್ಲಿ ಕಿವಿಯಿಂದಲೇ ತಿಳಿಯಬಹುದು.

ಸ್ವರಸ್ಥಾನದ ತೊಡಕು ಇನ್ನೊಂದು. ಪಿಯಾನೊದ ಪಕ್ಕಪಕ್ಕದ ಎರಡು ಕೀಲಿಗಳ ನಡುವೆ 100 ಸೆಂಟ್ ಅಂತರ (ಸೆಂಟ್ ಎಂದರೆ ಸ್ವರಗಳ ಅಂತರ ಅಳೆಯುವ ಮಾನ). ಅರಬ್ಬರ ರಾಸ್ತ್ ಎಂಬ ಮಕಾಮ್‌ನಲ್ಲಿ (ಮಕಾಮ್ ಎಂದರೆ ನಮ್ಮ ರಾಗದಂಥದು) ಮೂರನೇ ಸ್ವರ ಷಡ್ಜದಿಂದ ಸುಮಾರು 350 ಸೆಂಟ್ ಮೇಲಿದೆ, ಅಂದರೆ ನಮ್ಮ ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ. ಮಾಮೂಲಿ ಕೀಬೋರ್ಡ್‌ನಲ್ಲಿ ಅದಕ್ಕೆ ಕೀಲಿಯೇ ಇಲ್ಲ. ಹೀಗಾಗಿ ಒಳ್ಳೆಯ ತಂಡ ಆ ಸ್ವರ ಬರುವ ಕಡೆ ಕೀಬೋರ್ಡನ್ನು ಸುಮ್ಮನಿರಿಸುತ್ತದೆ, ಇಲ್ಲವೇ ಕಾಲು ಸ್ವರ ಇಳಿಸಬಲ್ಲ ಕೀಬೋರ್ಡ್ ತರುತ್ತದೆ. ಅವಸರದ ತಂಡ ಹಾಡುಗಾರನನ್ನೇ ಕೀಬೋರ್ಡಿಗೆ ಒಗ್ಗಿಸುತ್ತದೆ. ಅಪಸ್ವರ ತಿದ್ದುವ ಸಾಫ್ಟ್‌ವೇರ್ ಆಟೋಟ್ಯೂನ್‌ನದೂ ಇದೇ ಕಥೆ. ವೇಗವಾಗಿ ತಿದ್ದುವಂತೆ ಇಟ್ಟರೆ ಅದು ತೋಡಿ ರಾಗದ ಗಾಂಧಾರದ ತೂಗಾಟವನ್ನು ಹತ್ತಿರದ ಸ್ವರಕ್ಕೆ ಎಳೆದೆಳೆದು ಮೆಟ್ಟಿಲು ಮಾಡಿಬಿಡುತ್ತದೆ.

ಚರ್ಮವಾದ್ಯಕ್ಕೂ ಶ್ರುತಿ ಇದೆ ಎಂಬುದು ಸ್ಟುಡಿಯೋಗಳಲ್ಲಿ ಆಗಾಗ ಮರೆತುಹೋಗುತ್ತದೆ. ಮೃದಂಗದ ಬಲಮುಚ್ಚಳ ಷಡ್ಜಕ್ಕೆ ಕೂಡಿರುತ್ತದೆ. ಘಟವನ್ನಂತೂ ಹಾಡಿನ ಶ್ರುತಿಗೆ ತಕ್ಕಂತೆ ಆರಿಸಿ ತರಬೇಕು. ಪಾಪ್ ಹಾಡು ಕೊನೆಯ ಚರಣದಲ್ಲಿ ಅರ್ಧ ಸ್ವರ ಮೇಲೇರಿದಾಗ ಮೃದಂಗ ಇನ್ನೂ ಹಳೆಯ ಷಡ್ಜವನ್ನೇ ನುಡಿಯುತ್ತಿದ್ದರೆ, ಏಕೆಂದು ತಿಳಿಯದಿದ್ದರೂ ಕೇಳುಗನಿಗೆ ಕಸಿವಿಸಿಯಾಗುತ್ತದೆ.

ಲೂಪ್ (ಒಂದೇ ತುಣುಕನ್ನು ಯಂತ್ರ ಮತ್ತೆ ಮತ್ತೆ ನುಡಿಸುವುದು) ಹಾಕಿದ್ದಾರೋ ನುಡಿಸಿದ್ದಾರೋ ಎಂದು ಗುರುತಿಸಲು ತಾಳ ಹಾಕಿ ನೋಡಿದರೆ ಸಾಕು. ಎರಡು ಆವರ್ತನ ಎಣಿಸಿ, ಹಾಡಿನ ಸಾಲು ಮುಗಿಯುವ ಕಡೆ ಗಮನಿಸಿ. ಮನುಷ್ಯ ನುಡಿಸಿದ್ದರೆ ಅಲ್ಲೊಂದು ಮುಕ್ತಾಯ, ಒಂದು ಬಿಡುವು, ಕನಿಷ್ಠ ಪೆಟ್ಟಿನ ಭಾರದಲ್ಲೊಂದು ಬದಲಾವಣೆ ಇರುತ್ತದೆ. ಲೂಪ್ ಆದರೆ ಗಾಯಕ ಉಸಿರುಗಟ್ಟಿ ನಿಂತಾಗಲೂ ತಬಲ ಅದೇ ನಗೆಮುಖದಲ್ಲಿ ಓಡುತ್ತಿರುತ್ತದೆ. ಹೀಗೆ ಎಣಿಸುವ ಅಭ್ಯಾಸದಿಂದ ಇನ್ನೊಂದು ಲಾಭವೂ ಉಂಟು. ಗ್ರೀಸಿನ ಕಲಮತಿಯಾನೊ ಕುಣಿತದ 3+2+2 ಎಣಿಕೆ ಮಿಶ್ರ ಚಾಪಿನ ‘ತಕಿಟ ತಕದಿಮಿ’ಗೆ ಸರಿಯಾಗಿ ಕೂರುತ್ತದೆ. ಪಾಶ್ಚಾತ್ಯ ಕೇಳುಗರು ಕಷ್ಟವೆನ್ನುವ ಆ ಆಲ್ಬಮ್‌ಗಳು ನಮಗೆ ಮೊದಲ ಸಲಕ್ಕೇ ಕೈಗೆ ಬರುತ್ತವೆ.

ನಾದದ ವಿಷಯದಲ್ಲಿ ಕೇಳಲೇಬೇಕಾದದ್ದು ಕಾಂಗೋದ ಕಿನ್ಶಾಸದ ಕೊನೊನೊ ನಂ. 1 ತಂಡದ ‘ಕಾಂಗೋಟ್ರಾನಿಕ್ಸ್’ (2004). ಅವರು ನುಡಿಸುವ ಲಿಕೆಂಬೆ ಎಂದರೆ ಅಂಗೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಮೀಟುವ, ಲೋಹದ ನಾಲಿಗೆಗಳ ವಾದ್ಯ. ನಗರದ ಗದ್ದಲದಲ್ಲಿ ಅದು ಕೇಳಿಸದು. ಹಳೆಯ ಕಾರಿನ ಬಿಡಿಭಾಗಗಳ ಅಯಸ್ಕಾಂತ ಬಿಚ್ಚಿ ಅದಕ್ಕೆ ಪಿಕಪ್ (ಕಂಪನವನ್ನು ವಿದ್ಯುತ್ತಾಗಿಸಿ ಧ್ವನಿವರ್ಧಕಕ್ಕೆ ಕಳಿಸುವ ಭಾಗ) ಮಾಡಿದರು. ಧ್ವನಿ ಒಡೆದು ಗರ್ಜಿಸಿತು. ಆ ಒಡಕನ್ನು ತೆಗೆಯಲಿಲ್ಲ, ವಾದ್ಯದ ಸ್ವಭಾವವೆಂದೇ ಇಟ್ಟುಕೊಂಡರು. ಆಫ್ರಿಕದ ಹಲವು ವಾದ್ಯಗಳಿಗೆ ಬೇಕೆಂದೇ ಚಿಪ್ಪು, ತಗಡು ಕಟ್ಟಿ ಝೇಂಕಾರ ಬರಿಸುತ್ತಾರೆ. ತಂಬೂರಿಯ ತಂತಿಯಡಿ ನೂಲು ಸಿಕ್ಕಿಸಿ ‘ಜೀವ’ ತರುತ್ತೇವಲ್ಲ, ಅದೇ ತರ್ಕ. ಇದನ್ನು ಅರಿಯದ ಸೌಂಡ್ ಎಂಜಿನಿಯರ್ ಅದನ್ನು ಗಲೀಜೆಂದು ಸೋಸಿ ತೆಗೆದರೆ ಉಳಿಯುವುದು ಆಟಿಕೆಯ ಸದ್ದು.

ಭಾಷೆ ತಿಳಿಯದೆ ಕತ್ತರಿ ಆಡಿಸಿದರೂ ಕೆಡುತ್ತದೆ. ಪಾಕಿಸ್ತಾನದ ಕವ್ವಾಲಿ ಗಾಯಕ ನುಸ್ರತ್ ಫತೇ ಅಲಿ ಖಾನ್ ಅವರ ‘ಮಸ್ತ್ ಮಸ್ತ್’ (1990) ಆಲ್ಬಮ್ ಎಡಿಟ್ ಮಾಡುವಾಗ ಕೆಲವೆಡೆ ಸಾಲಿನ ನಡುವೆ ಕತ್ತರಿ ಬಿದ್ದು ಅರ್ಥ ಕೆಟ್ಟಿತ್ತು, ಖಾನರು ಒಪ್ಪಲಿಲ್ಲ ಎಂದು ನಿರ್ಮಾಪಕ ಮೈಕಲ್ ಬ್ರೂಕ್ ಹೇಳಿಕೊಂಡಿದ್ದಾರೆ. ಹಾಡುಗಾರ ಎದುರಿಗಿದ್ದು ಬೇಡವೆನ್ನಬಲ್ಲವನಾಗಿದ್ದರಿಂದ ಅದು ಸರಿಹೋಯಿತು. ಎದುರಿಗಿಲ್ಲದವರ ಗತಿ ಬೇರೆ. ಫ್ರಾನ್ಸಿನ ‘ಡೀಪ್ ಫಾರೆಸ್ಟ್’ ತಂಡದ 1992ರ ಪ್ರಸಿದ್ಧ ಲಾಲಿಹಾಡಿನಲ್ಲಿ ಕೇಳುವ ಧ್ವನಿ ಆಫ್ರಿಕದ ಕಾಡಿನದಲ್ಲ. ಸಾಲೊಮನ್ ದ್ವೀಪಗಳ ಅಫುನಾಕ್ವಾ ಎಂಬಾಕೆಯದು, ಸಂಶೋಧಕ ಹ್ಯೂಗೊ ಜೆಂಪ್ 1970ರ ಸುಮಾರಿಗೆ ಧ್ವನಿಮುದ್ರಿಸಿಕೊಂಡದ್ದು. ಲಕ್ಷಾಂತರ ಜನ ಕೇಳಿದ ಆ ಹಾಡಿನಲ್ಲಿ ಆಕೆಯ ಹೆಸರು ಕಾಣಿಸಲಿಲ್ಲ. ಆಲ್ಬಮ್‌ನ ವಿವರದಲ್ಲಿ ಹಾಡಿದವರ, ನುಡಿಸಿದವರ ಹೆಸರಿದೆಯೇ, ಹಾಡು ಯಾವ ಊರಿನದೆಂದು ಹೇಳಿದೆಯೇ ಎಂದು ನೋಡಿ. ಬರೀ ‘ಸಾಂಪ್ರದಾಯಿಕ’ ಎಂದಿದ್ದರೆ ಅನುಮಾನಿಸಬೇಕು.

ಈ ವಿವರವೇ ಹುಡುಕಾಟಕ್ಕೂ ದಾರಿ. ಮೆಚ್ಚಿದ ಒಂದು ಆಲ್ಬಮ್ ಹಿಡಿದು ಆಲ್ಬಮ್‌ಗಳ ವಿವರ ಪಟ್ಟಿಮಾಡುವ ಡಿಸ್ಕಾಗ್ಸ್‌ನಂಥ ತಾಣದಲ್ಲಿ ತೆರೆಯಿರಿ. ವಾದಕರು, ನಿರ್ಮಾಪಕ, ಕಂಪನಿ ಈ ಮೂರನ್ನು ಬರೆದುಕೊಳ್ಳಿ. ಜೈಪುರದ ವಿಶ್ವಮೋಹನ ಭಟ್ಟರ ಮೋಹನವೀಣೆ, ರೈ ಕೂಡರ್ ಅವರ ಸ್ಲೈಡ್ ಗಿಟಾರ್ ಇರುವ ‘ಎ ಮೀಟಿಂಗ್ ಬೈ ದ ರಿವರ್’ (1993) ನಿಮ್ಮ ಮೊದಲ ಆಲ್ಬಮ್ ಆದರೆ, ಕೂಡರ್ ಹೆಸರು ಹಿಡಿದು ಮಾಲಿಯ ಅಲಿ ಫರ್ಕಾ ತೂರೆ ಜೊತೆಗಿನ ‘ಟಾಕಿಂಗ್ ಟಿಂಬಕ್ಟು’ (1994) ತಲುಪುತ್ತೀರಿ. ಅದರ ಕಂಪನಿ ವರ್ಲ್ಡ್ ಸರ್ಕ್ಯೂಟ್. ಆ ಹೆಸರು ಹಿಡಿದರೆ ತೂರೆ ಮತ್ತು 21 ತಂತಿಗಳ ಕೋರಾ ನುಡಿಸುವ ತೂಮಾನಿ ಜಬಾತೆ ಜೊತೆಯಾದ ‘ಇನ್ ದ ಹಾರ್ಟ್ ಆಫ್ ದ ಮೂನ್’ (2005). ಮೂರೇ ಹೆಜ್ಜೆಯಲ್ಲಿ ಜೈಪುರದಿಂದ ಮಾಲಿಯ ಬಮಾಕೊ! ಯಾವ ಪ್ಲೇಲಿಸ್ಟೂ ಈ ನಂಟನ್ನು ತೋರಿಸುವುದಿಲ್ಲ.

ಹುಡುಕುವಾಗ ಎರಡು ಕಡೆ ಎಡವುತ್ತೇವೆ. ಆ್ಯಪ್ ತೋರಿಸುವ ಇಸವಿ ಮರುಬಿಡುಗಡೆಯದಾಗಿರಬಹುದು: ಮುಲಾಟು ಅವರ 1969–74ರ ಧ್ವನಿಮುದ್ರಣಗಳು ‘ಇಥಿಯೋಪಿಕ್ಸ್’ ಮಾಲೆಯ ನಾಲ್ಕನೇ ಸಂಪುಟವಾಗಿ ಬಂದದ್ದು 1998ರಲ್ಲಿ, ಹಾಗಾಗಿ ಆ್ಯಪ್‌ನ ಇಸವಿ ನಂಬಿ ಆ ದಶಕದ್ದನ್ನಷ್ಟೇ ಸೋಸಿದರೆ ಅವು ತಪ್ಪಿಹೋಗುತ್ತವೆ. ಎರಡನೆಯದು ಕಾಗುಣಿತ. ಟಿಜಿತಾವನ್ನು ರೋಮನ್ ಲಿಪಿಯಲ್ಲಿ ಎರಡು ಮೂರು ಬಗೆಯಲ್ಲಿ ಬರೆಯುತ್ತಾರೆ. ಶಿಶುನಾಳ ಶರೀಫರ ಹೆಸರಿಗೂ ಅದೇ ಪಾಡು. ಒಂದು ಬಗೆಯಲ್ಲಿ ಸಿಗದಿದ್ದರೆ ಇನ್ನೊಂದು ಹಾಕಿ, ಆಗದಿದ್ದರೆ ಆಯಾ ಭಾಷೆಯ ಲಿಪಿಯನ್ನೇ ಅಂಟಿಸಿ ನೋಡಿ.

ಶರೀಫರ ‘ಗುಡುಗುಡಿಯಾ ಸೇದಿ ನೋಡೋ’, ‘ಸೋರುತಿಹುದು ಮನೆಯ ಮಾಳಿಗಿ’ ಎರಡೂ ರಘು ದೀಕ್ಷಿತ್ ಅವರ 2008ರ ಆಲ್ಬಮ್‌ನಲ್ಲಿ ಗಿಟಾರ್, ಡ್ರಮ್ಸ್ ಜೊತೆ ಇವೆ, ಅದು ಬಹಳಷ್ಟು ಕನ್ನಡಿಗರಿಗೆ ಗೊತ್ತು. ಗೊತ್ತಾಗಬೇಕಾದಷ್ಟು ಗೊತ್ತಾಗದೆ ಉಳಿದದ್ದು ‘ಜ್ಯೋತಿ’. 1983ರಲ್ಲಿ ಜರ್ಮನಿಯ ಇಸಿಎಂ ಕಂಪನಿ ತಂದ ಈ ಆಲ್ಬಮ್‌ನಲ್ಲಿ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆಗಿರುವುದು ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್: ಆರ್.ಎ. ರಮಾಮಣಿ ಅವರ ಗಾಯನ, ಟಿ.ಎ.ಎಸ್. ಮಣಿ ಅವರ ಮೃದಂಗ, ಜೊತೆಗೆ ಘಟ, ಮೋರ್ಸಿಂಗ್, ಖಂಜಿರ, ಕೊನ್ನಕ್ಕೋಲು (ಬಾಯಲ್ಲಿ ಹೇಳುವ ತಾಳದ ಸೊಲ್ಲುಗಳು). ಮರಿಯಾನೊ ನಾಗಸ್ವರ ಕಲಿತವರು. ಇಲ್ಲಿ ಡ್ರಮ್ ಸೆಟ್ ಇಲ್ಲ, ಕಾರ್ಡ್ ಇಲ್ಲ, ಶ್ರುತಿ ಸರಿಯುವುದಿಲ್ಲ. ಮೊದಲ ಸಲ ಸುಮ್ಮನೆ ಕೇಳಿ. ಎರಡನೇ ಸಲ ಹೆಡ್‌ಫೋನ್ ಹಾಕಿ ಸ್ಯಾಕ್ಸೊಫೋನ್ ಒಂದನ್ನೇ ಹಿಂಬಾಲಿಸಿ, ಅದು ಎಲ್ಲಿ ರಮಾಮಣಿಯವರ ಸ್ವರದ ಪಕ್ಕ ಬಂದು ನಿಲ್ಲುತ್ತದೆ, ಎಲ್ಲಿ ದಾರಿ ಬಿಟ್ಟುಕೊಡುತ್ತದೆ ಎಂದು. ಮೂರನೇ ಸಲ ತೊಡೆಯ ಮೇಲೆ ತಾಳ ಹಾಕಿಕೊಂಡು ಕೇಳಿ.