ಕುಮಾರ ಪರ್ವತ ಹತ್ತಿದವರಿಗೆ ಕೇದಾರಕಂಠ ಸುಲಭವೇ?

ಪ್ರಶ್ನೆ: ಕುಕ್ಕೆಯಿಂದ ಕುಮಾರ ಪರ್ವತ ಎರಡು ಸಲ ಹತ್ತಿದ್ದೇನೆ. ಈಗ ಉತ್ತರಾಖಂಡದ ಕೇದಾರಕಂಠಕ್ಕೆ ಹೊರಟಿದ್ದೇವೆ. ನನಗೆ ಸುಲಭ ಆಗುತ್ತೆ ಅಲ್ವಾ?

ನಿಮ್ಮ ಕಾಲಿಗೆ ಸುಲಭವೇ. ಉಸಿರಿನ ಮಾತು ಬೇರೆ.

ಕುಕ್ಕೆಯಿಂದ ಕುಮಾರ ಪರ್ವತದ 1,712 ಮೀಟರ್ ಎತ್ತರದ ತುದಿ ಮುಟ್ಟಲು ಒಂದೂವರೆ ಸಾವಿರ ಮೀಟರ್‌ಗಿಂತ ಜಾಸ್ತಿ ಏರಬೇಕು. ಸಾಂಕ್ರಿ ಹಳ್ಳಿಯಿಂದ ಹೊರಡುವ ಕೇದಾರಕಂಠದ ದಾರಿಯಲ್ಲಿ ಒಂದೇ ದಿನಕ್ಕೆ ಅಷ್ಟು ಏರು ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಅದರ ತುದಿ ಸುಮಾರು 3,800 ಮೀಟರ್. ಅಲ್ಲಿ ಗಾಳಿಯ ಒತ್ತಡ ಕಡಿಮೆ. ಒಂದು ಉಸಿರಿಗೆ ಸಿಗುವ ಆಕ್ಸಿಜನ್, ಸಮುದ್ರಮಟ್ಟದಲ್ಲಿ ಸಿಗುವುದರ ಮೂರನೇ ಎರಡು ಪಾಲಿನಷ್ಟೂ ಇರುವುದಿಲ್ಲ. ದಿನಾ ಓಡುವವರನ್ನೂ ಇದು ಬಿಡುವುದಿಲ್ಲ. ಗಟ್ಟಿಮುಟ್ಟಾದವರು ಬೇಗ ಬೇಗ ಏರಿ ತೊಂದರೆಗೆ ಸಿಕ್ಕಿಕೊಳ್ಳುವುದೂ ಉಂಟು.

2,500 ಮೀಟರ್ ದಾಟಿದ ಮೇಲೆ ತಲೆನೋವು ಬಂತಾ? ಜೊತೆಗೆ ವಾಕರಿಕೆ, ಸುಸ್ತು, ತಲೆಸುತ್ತು? ಅದನ್ನು ಎತ್ತರದ ಕಾಯಿಲೆ ಅಂತಲೇ ತಿಳಿದು ಗೈಡ್‌ಗೆ ಹೇಳಿ. ಬೆಂಗಳೂರಿನಿಂದ ಇಷ್ಟು ದೂರ ಬಂದಿದ್ದೇವೆ, ರಜೆ ಹಾಕಿದ್ದೇವೆ ಅಂತ ಎಷ್ಟೋ ಜನ ಬಾಯಿ ಬಿಡುವುದಿಲ್ಲ. ದಯವಿಟ್ಟು ಹಾಗೆ ಮಾಡಬೇಡಿ. ಲಕ್ಷಣ ಇರುವಾಗ ಮೇಲೆ ಹೋಗಬಾರದು, ಅಲ್ಲೇ ಉಳಿಯಬೇಕು. ಹೆಚ್ಚಾದರೆ ಇಳಿಯಬೇಕು. ಸುಮ್ನೆ ಕೂತಾಗಲೂ ಏದುಸಿರು ಬಂದರೆ, ನಡೆಯುವಾಗ ತೂರಾಡಿದರೆ, ಮಾತು ತಡವರಿಸಿದರೆ ರಾತ್ರಿಯಾದರೂ ಸರಿ, ಕೆಳಗೆ ಕರೆದುಕೊಂಡು ಹೋಗಬೇಕು. ಎತ್ತರದ ಕಾಯಿಲೆಗೆ ಕೊಡುವ ಡಯಾಮಾಕ್ಸ್ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ನುಂಗಬೇಡಿ.

ಹೆಚ್ಚು ಜನ ಮೈಮರೆಯುವುದು ಹುಲ್ಲುಗಾವಲಿನಲ್ಲಿ. ಅಲ್ಲಿಯವರು ಅದನ್ನು ಬುಗ್ಯಾಲ್ ಅನ್ನುತ್ತಾರೆ. ಕಾಡು ಮುಗಿದು ಬುಗ್ಯಾಲ್ ತೆರೆದುಕೊಂಡಾಗ ಕುಮಾರ ಪರ್ವತದ ದಾರಿಯಲ್ಲಿ ಸಿಗುವ ಶೇಷ ಪರ್ವತದ ಹುಲ್ಲುಗುಡ್ಡ ನೆನಪಾಗಬಹುದು. ಆದರೆ ಇಲ್ಲಿ ಮರ ಇಲ್ಲದಿರುವುದಕ್ಕೆ ಮುಖ್ಯ ಕಾರಣ ಚಳಿ. ಬೆಳೆಯಲು ಸಿಗುವುದು ವರ್ಷದ ಕೆಲವೇ ತಿಂಗಳು. ಚಳಿಗಾಲದಲ್ಲಿ ಎಲ್ಲವೂ ಹಿಮದಡಿ. ಹಿಮ ಕರಗಿದ ಮೇಲೆ ಹಸಿರು, ಹೂ, ದೂರದಲ್ಲಿ ಸ್ವರ್ಗಾರೋಹಿಣಿ, ಬಂದರ್‌ಪೂಂಛ್ ಶಿಖರಗಳು. ನೋಡಿದರೆ ಓಡಬೇಕು ಅನಿಸುತ್ತದೆ. ಓಡಬೇಡಿ. ನೆರಳಿಲ್ಲ, ಗಾಳಿಗೆ ಅಡ್ಡವಿಲ್ಲ, ಮಧ್ಯಾಹ್ನ ಮೋಡ ಕವಿದರೆ ಅಡಗಲು ಜಾಗವಿಲ್ಲ. ತುದಿಗೆ ನಸುಕಿನಲ್ಲೇ ಹೊರಡುವುದು ಅದಕ್ಕೇ. ಕಾಲುದಾರಿಯನ್ನೂ ಬಿಡಬೇಡಿ, ತುಳಿದು ಹಾಳಾದ ಹುಲ್ಲು ಆ ಚಳಿಯಲ್ಲಿ ಚಿಗುರಲು ವರ್ಷಗಳೇ ಬೇಕು.

ಒಂದು ದಿನ ಹೆಚ್ಚು ಇಟ್ಟುಕೊಂಡು ಟಿಕೆಟ್ ಮಾಡಿಸಿ. ಆಗ ನಿಲ್ಲಬೇಕಾದ ಕಡೆ ನಿಲ್ಲಲು ಮನಸ್ಸು ಬರುತ್ತದೆ.