ಮೂಳೆಗೆ ತುಂಬೋ ಸೆರಾಮಿಕ್ ಒಳಗೇ ಒಡೆದು ಹೋಗಲ್ವಾ?

"ಸರ್, ಅಣ್ಣ ಬೈಕಿಂದ ಬಿದ್ದು ಕಾಲಿನ ಮೂಳೆ ಪುಡಿಯಾಗಿದೆ, ಡಾಕ್ಟ್ರು ಗ್ಯಾಪಿಗೆ ಸೆರಾಮಿಕ್ ತುಂಬ್ತೀವಿ ಅಂದ್ರು, ಅದು ಕಪ್ಪು ಬಸಿ ಥರ ಒಡೆಯಲ್ವಾ?" ಕುಮಟಾ ಬಸ್‌ಸ್ಟ್ಯಾಂಡಲ್ಲೂ ಕೇಳ್ತಾರೆ, ಮದುವೆ ಊಟದ ಪಂಕ್ತಿಲೂ ಕೇಳ್ತಾರೆ. ಇನ್ನೊಂದ್ಸಲ ಹೇಳ್ತೀನಿ, ದಯವಿಟ್ಟು ಪೂರ್ತಿ ಓದಿ.

ಇದು ಪಿಂಗಾಣಿ ಅಲ್ಲ ಮಾರಾಯ್ರೇ. ಪಿಂಗಾಣಿ ಮಾಡೋದು ಜೇಡಿಮಣ್ಣಲ್ಲಿ, ಇದು ಕ್ಯಾಲ್ಸಿಯಂ ಫಾಸ್ಫೇಟ್, ಹೆಚ್ಚಾಗಿ ಹೈಡ್ರಾಕ್ಸಿಅಪಟೈಟ್. ಮೂಳೆ ತೂಕದ ಹತ್ತಿರಹತ್ತಿರ ಮೂರನೇ ಎರಡು ಭಾಗ ಇದೇ ಜಾತಿಯ ಖನಿಜ. ಸುಣ್ಣದ ತಿಳಿಗೆ ಫಾಸ್ಫಾರಿಕ್ ಆಸಿಡ್ ಹನಿಹನಿ ಬಿಡ್ತಾ, ಕಲಕ್ತಾ, ಪಿಎಚ್ (ಹುಳಿ-ಕ್ಷಾರದ ಅಳತೆ) 9ರ ಕೆಳಗೆ ಇಳಿಯದ ಹಾಗೆ ನೋಡ್ಕೊಂಡ್ರೆ ಬೆಳ್ಳಗೆ ಹಾಲಿನ ಹಾಗೆ ಆಗಿ ತಳಕ್ಕೆ ಕೂರುತ್ತೆ, ಅದನ್ನ ಸೋಸಿ ತೊಳೆದು ಒಣಗಿಸಿದ್ರೆ ಪುಡಿ ರೆಡಿ. ಲೆಕ್ಕ 10 ಕ್ಯಾಲ್ಸಿಯಂ ಪರಮಾಣುವಿಗೆ 6 ರಂಜಕದ (ಫಾಸ್ಫರಸ್) ಪರಮಾಣು, ಅಂದ್ರೆ 1.67. ಇದು ತಪ್ಪಿದ್ರೆ ಸುಡುವಾಗ ಬೇರೆ ಪದಾರ್ಥ ಹುಟ್ಟುತ್ತೆ.

ಈಗ ಎಷ್ಟು ಹೇಳಿದ್ರೂ ಸಾಯದ ಆ ನಂಬಿಕೆ: "ಗಟ್ಟಿ ಇದ್ದಷ್ಟೂ ಒಳ್ಳೇದು." ಅಲ್ಲ! ಪುಡೀನ ದೋಸೆಹಿಟ್ಟಿನ ಹದಕ್ಕೆ ಕಲಸಿ, ಸ್ಪಂಜು ಅದ್ದಿ ಹಿಂಡಿ, ಒಣಗಿಸಿ ಫರ್ನೇಸಿಗೆ ಇಡ್ತಾರೆ. ಮೊದಲು ತುಂಬಾ ನಿಧಾನ ಕಾಯಿಸಬೇಕು, ಅವಸರ ಮಾಡಿದ್ರೆ ಸ್ಪಂಜಿನ ಹೊಗೆ ಒಳಗಿಂದ ಸೀಳಿಬಿಡುತ್ತೆ, ಆಮೇಲೆ 1200 ಡಿಗ್ರಿ ಹತ್ತಿರ. ಸ್ಪಂಜು ಸುಟ್ಟು ಹೋಗಿ ಅದರ ತೂತು ಮಾತ್ರ ಉಳಿಯುತ್ತೆ. ಆ ತೂತು ಬೇಕಂತಲೇ ಇಟ್ಟಿದ್ದು, 100ರಿಂದ 500 ಮೈಕ್ರಾನ್ (ಸಾವಿರ ಮೈಕ್ರಾನ್ ಅಂದ್ರೆ ಒಂದು ಮಿಲಿಮೀಟರ್). ಹಳೇ ಚಿರೆಕಲ್ಲು ಗೋಡೆ ನೋಡಿ, ಅಶ್ವತ್ಥದ ಬೇರು ತೂತು ಹುಡುಕಿ ಒಳಗೆ ಇಳಿದಿರುತ್ತೆ ಅಲ್ದಾ? ಹಾಗೇ ರಕ್ತನಾಳ, ಮೂಳೆಯ ಜೀವಕಣ ಎಲ್ಲಾ ಇದರೊಳಗೆ ಇಳೀಬೇಕು. ತೂತೇ ಇಲ್ಲದ ಗಟ್ಟಿ ತುಂಡಿಟ್ರೆ ಮೂಳೆ ಹೊರಮೈಗೆ ಅಂಟಿಕೊಂಡು ಅಲ್ಲೇ ನಿಲ್ಲುತ್ತೆ. ಭಾರ ಹೊರೋದು ಪ್ಲೇಟು, ಸ್ಕ್ರೂ, ಸೆರಾಮಿಕ್ ಅಲ್ಲ. ಇದೇ ಕ್ಯಾಲ್ಸಿಯಂ ಫಾಸ್ಫೇಟಿನ ಇನ್ನೊಂದು ಬಗೆ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಆದ್ರೆ ನಿಧಾನಕ್ಕೆ ಕರಗಿ ಜಾಗ ಬಿಡುತ್ತೆ, ಹೈಡ್ರಾಕ್ಸಿಅಪಟೈಟ್ ವರ್ಷಗಟ್ಟಲೆ ಇರುತ್ತೆ, ಅದಕ್ಕೇ ಎರಡನ್ನೂ ಬೆರೆಸೋದು.

ಯಾರೂ ಕೇಳ್ಲಿಲ್ಲ, ಆದ್ರೂ ಹೇಳ್ತೀನಿ: ಅಘನಾಶಿನಿ ಹೊಳೆಯ ಬಳಚಿನ (ಕಪ್ಪೆಚಿಪ್ಪಿನ ಜಾತಿ) ಚಿಪ್ಪಿಂದ ಇದು ಆಗುತ್ತಾ? ಆಗುತ್ತೆ. ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್, 900 ಡಿಗ್ರಿಲಿ ಸುಟ್ರೆ ಸುಣ್ಣ, ರಂಜಕ ಮಾತ್ರ ಹೊರಗಿಂದ ಸೇರಿಸ್ಬೇಕು. ಹಾಗಂತ ಚಿಪ್ಪಿನ ಸುಣ್ಣ ಗಾಯಕ್ಕೆ ಹಚ್ಚಬೇಡಿ, ಅದು ಚರ್ಮ ಸುಡುತ್ತೆ. ಇಂಪ್ಲಾಂಟಿನ ಪುಡೀಲಿ ಸೀಸ ಹತ್ತು ಲಕ್ಷಕ್ಕೆ 30 ಭಾಗ ದಾಟೋ ಹಾಗಿಲ್ಲ, ಅಷ್ಟು ಶುದ್ಧ ಬೇಕು. ಹವಳದ ತೂತು ಹಾಗೇ ಉಳಿಸಿ ಅದನ್ನ ಹೈಡ್ರಾಕ್ಸಿಅಪಟೈಟ್ ಮಾಡೋ ದಾರಿ 1974ರಲ್ಲೇ ಸಿಕ್ಕಿದೆ, ಸಮುದ್ರಫೇನದಲ್ಲೂ (ಕಟಲ್‌ಫಿಶ್ ಅನ್ನೋ ಕಡಲಜೀವಿಯ ಒಳಗಿನ ಚಿಪ್ಪು) ಮಾಡಿದ್ದಾರೆ. ದಡದಲ್ಲಿ ಒಂದು ಸಿಕ್ರೆ ಮುರಿದು ಲೆನ್ಸ್ ಹಿಡಿದು ನೋಡಿ, ತೆಳ್ಳಗೆ ಅಟ್ಟದ ಮೇಲೆ ಅಟ್ಟ, ನಡುವೆ ಸಾಲಾಗಿ ಸಣ್ಣ ಸಣ್ಣ ಕಂಬ.