ನಮ್ಮ ವೆಬ್‌ಸೈಟ್ ಮೊಬೈಲಿನಲ್ಲಿ ಬೆಳ್ಳಗೆ ನಿಲ್ಲೋದು ಯಾಕೆ?

ಪ್ರಶ್ನೆ: ಬ್ಯಾಡಗಿಯಲ್ಲಿ ನಮ್ಮದು ಮೆಣಸಿನಕಾಯಿ ಅಂಗಡಿ. ಹುಬ್ಬಳ್ಳಿಯಲ್ಲಿ ವೆಬ್‌ಸೈಟ್ ಮಾಡಿಸಿದ್ವಿ. ಡಿಸೈನರ್ ಲ್ಯಾಪ್‌ಟಾಪಿನಲ್ಲಿ ಪಟಪಟ ಓಡುತ್ತಿತ್ತು. ಗಿರಾಕಿಗಳ ಫೋನಿನಲ್ಲಿ ಮಾತ್ರ ಬಿಳಿ ಪರದೆ. ನೆಟ್‌ವರ್ಕ್ ತಪ್ಪೋ, ವೆಬ್‌ಸೈಟ್ ತಪ್ಪೋ?

ಉತ್ತರ: ನೆಟ್‌ವರ್ಕಿಗೆ ಬೈಯುವ ಮೊದಲು ಒಂದು ಪರೀಕ್ಷೆ ಮಾಡಿ ನೋಡಿ, ಸಾಹುಕಾರ್ರೇ. ಕ್ರೋಮ್‌ನ ಸೈಟ್ ಸೆಟ್ಟಿಂಗ್ಸ್‌ನಲ್ಲಿ ಜಾವಾಸ್ಕ್ರಿಪ್ಟ್ (ಪುಟದೊಳಗೆ ಓಡುವ ಪ್ರೋಗ್ರಾಂ, ಚಿಕ್ಕದಾಗಿ ಸ್ಕ್ರಿಪ್ಟ್) ಬಂದ್ ಮಾಡಿ, ನಿಮ್ಮ ಪುಟವನ್ನು ಮತ್ತೆ ಲೋಡ್ ಮಾಡಿ. ಅಂಗಡಿ ಹೆಸರು, ಫೋನ್ ನಂಬರ್, ಡಬ್ಬಿ, ಕಡ್ಡಿ ಮೆಣಸಿನಕಾಯಿಯ ವಿವರ ಯಾವುದೂ ಕಾಣದಿದ್ದರೆ ವೆಬ್‌ಸೈಟಿನದೇ ತಪ್ಪು. ಸರ್ವರಿನಿಂದ ಬಂದ ಎಚ್‌ಟಿಎಂಎಲ್, ಅಂದರೆ ಪುಟದ ಮೂಲ ಬರಹ, ಖಾಲಿ. ಅಕ್ಷರ, ಫೋಟೊ, ಮೆನು ಎಲ್ಲವನ್ನೂ ಸ್ಕ್ರಿಪ್ಟ್ ಆಮೇಲೆ ಬಂದು ಕಟ್ಟಬೇಕು.

200 ಕೆಬಿ ಫೋಟೊ, 200 ಕೆಬಿ ಸ್ಕ್ರಿಪ್ಟ್, ಎರಡೂ ಒಂದೇ ಅಲ್ವಾ ಅಂತ ಕೇಳುವವರಿದ್ದಾರೆ. ಇಳಿಸಿಕೊಳ್ಳುವವರೆಗೆ ಒಂದೇ. ಫೋಟೊವನ್ನು ಬಿಡಿಸಿ ತೋರಿಸಿದರೆ ಮುಗೀತು. ಸ್ಕ್ರಿಪ್ಟನ್ನು ಫೋನು ಓದಬೇಕು, ಪ್ರೊಸೆಸರಿಗೆ ತಿಳಿಯುವಂತೆ ಮಾಡಿಕೊಳ್ಳಬೇಕು, ಆಮೇಲೆ ಓಡಿಸಬೇಕು. ಓಡುವುದು ಬ್ರೌಸರಿನ ಮುಖ್ಯ ಥ್ರೆಡ್‌ನಲ್ಲಿ, ಅಂದರೆ ಒಂದು ಸಲಕ್ಕೆ ಒಂದೇ ಕೆಲಸ ಸಾಗುವ ಸಾಲಿನಲ್ಲಿ. ಬೆರಳು ಒತ್ತಿದ್ದನ್ನು ಗಮನಿಸುವುದೂ ಅದೇ ಥ್ರೆಡ್. ಹಾಗಾಗಿ ಪುಟ ಕಂಡ ಮೇಲೂ ಬಟನ್ ಮಿಸುಕಾಡುವುದಿಲ್ಲ. 200 ಮಿಲಿಸೆಕೆಂಡಿನೊಳಗೆ ಪರದೆ ಸ್ಪಂದಿಸಿದರೆ ಚೆನ್ನಾಗಿದೆ ಎಂಬುದು ಗೂಗಲ್ ಅಳತೆ. 2024ರ ಮಾರ್ಚ್‌ನಲ್ಲಿ ಅದನ್ನು ಕೋರ್ ವೆಬ್ ವೈಟಲ್ಸ್‌ಗೆ, ಅಂದರೆ ವೆಬ್‌ಸೈಟ್ ಬಳಸುವವರ ಅನುಭವ ಅಳೆಯುವ ಗೂಗಲ್ ಪಟ್ಟಿಗೆ, ಸೇರಿಸಿದರು. ಡಿಸೈನರ್ ಲ್ಯಾಪ್‌ಟಾಪಿಗೆ ಇದು ಸಲೀಸು. ಕಡಿಮೆ ಬೆಲೆಯ ಫೋನು ಏದುಸಿರು ಬಿಡುತ್ತದೆ.

ಎಚ್‌ಟಿಎಂಎಲ್‌ನಲ್ಲಿ ಒಂದು ಟ್ಯಾಗ್ (ಪುಟದ ಭಾಗಗಳನ್ನು ಗುರುತಿಸುವ ಚಿಹ್ನೆ) ಮುಚ್ಚದಿದ್ದರೂ ಬ್ರೌಸರ್ ಹೇಗೋ ಸಂಭಾಳಿಸುತ್ತದೆ. ಸ್ಕ್ರಿಪ್ಟಿನಲ್ಲಿ ಒಂದು ಬ್ರಾಕೆಟ್ ಬಿಟ್ಟುಹೋದರೆ ಆ ಇಡೀ ಫೈಲೇ ಓಡುವುದಿಲ್ಲ. ಇನ್ನು ಗೂಗಲ್ ಹುಡುಕಾಟ: ಅದು ಮೊದಲು ಎಚ್‌ಟಿಎಂಎಲ್ ಓದುತ್ತದೆ, ಸ್ಕ್ರಿಪ್ಟ್ ಓಡಿಸಿ ನೋಡುವುದಕ್ಕೆ ಪುಟವನ್ನು ಪಾಳಿಗೆ ಹಚ್ಚುತ್ತದೆ; ಹಾಗಾಗಿ ಸ್ಕ್ರಿಪ್ಟ್ ಕಟ್ಟುವ ವಿವರ ಅದಕ್ಕೆ ತಡವಾಗಿ ಸಿಗಬಹುದು.

ಜಾವಾಸ್ಕ್ರಿಪ್ಟ್ ಬೇಡವೇ ಬೇಡ ಅಂತಲ್ಲ. ಗಿರಾಕಿ ಎಷ್ಟು ಕೆಜಿ ಅಂತ ಬರೆದ ಕೂಡಲೇ ಮೊತ್ತ ತೋರಿಸಬೇಕಾದರೆ ಅದು ಬೇಕು. ಆದರೆ ಒತ್ತಿದರೆ ತೆರೆಯುವ ಪಟ್ಟಿಗೆ ಎಚ್‌ಟಿಎಂಎಲ್‌ನದೇ ಡೀಟೇಲ್ಸ್ ಟ್ಯಾಗ್ ಸಾಕು. ಬಣ್ಣ, ಸಣ್ಣ ಚಲನೆಗಳಿಗೆ ಸಿಎಸ್‌ಎಸ್ (ಪುಟದ ಅಂದ ನೋಡಿಕೊಳ್ಳುವ ಭಾಷೆ) ಸಾಕು. ತನ್ನಷ್ಟಕ್ಕೇ ಸರಿಯುವ ಸ್ಲೈಡರನ್ನಂತೂ ಸುಮ್ನೆ ತೆಗೆಸಿಬಿಡಿ. ಮೆಣಸಿನಕಾಯಿ ಕೊಳ್ಳಲು ಬಂದವರು ಅದನ್ನು ನೋಡುತ್ತಾ ಕೂರುವುದಿಲ್ಲ.

ಡಿಸೈನರಿಗೆ ಇಷ್ಟು ಹೇಳಿ: ಹೆಸರು, ವಿಳಾಸ, ಫೋನ್, ದರ ಎಚ್‌ಟಿಎಂಎಲ್‌ನಲ್ಲೇ ಬರಲಿ. ಬಾಕಿ ಹಣ ಕೊಡುವ ಮೊದಲು ಸೈಟನ್ನು ನಿಮ್ಮ ಅಂಗಡಿ ಹಮಾಲರ ಫೋನಿನಲ್ಲಿ ಒಮ್ಮೆ ತೆರೆಸಿ.